ಎಫ್46ರಿಂದ ಚುರುವರೆಗೆ: ಒಬ್ಬ ಪ್ಯಾರಾ ಅಥ್ಲೀಟನ ಎರಡು ರಾಜಕಾರಣಗಳು

2024ರ ಮಾರ್ಚ್ 2ರಂದು ಬಿಜೆಪಿ ಬಿಡುಗಡೆ ಮಾಡಿದ ಲೋಕಸಭಾ ಅಭ್ಯರ್ಥಿಗಳ ಮೊದಲ ಪಟ್ಟಿಯಲ್ಲಿ ರಾಜಸ್ಥಾನದ ಚುರು ಕ್ಷೇತ್ರಕ್ಕೆ ಜಾವೆಲಿನ್ ಎಸೆತಗಾರ ದೇವೇಂದ್ರ ಝಝಾರಿಯಾ ಅವರ ಹೆಸರಿತ್ತು. ಒಂದು ವಾರ ಕಳೆದು, ಮಾರ್ಚ್ 9ರಂದು, ಅವರೇ ಭಾರತೀಯ ಪ್ಯಾರಾಲಿಂಪಿಕ್ ಸಮಿತಿಗೆ ಅವಿರೋಧವಾಗಿ ಅಧ್ಯಕ್ಷರಾದರು. ಮೊದಲನೆಯದನ್ನು ರಾಜಕೀಯ ಪ್ರವೇಶವೆಂದೂ ಎರಡನೆಯದನ್ನು ಕ್ರೀಡಾ ಸುದ್ದಿಯೆಂದೂ ಓದುವುದು ನಮಗೆ ರೂಢಿ. ಪ್ಯಾರಾ ಅಥ್ಲೀಟರ ಮಟ್ಟಿಗೆ ಈ ವಿಂಗಡಣೆ ಹೊಂದುವುದಿಲ್ಲ ಎಂಬುದು ಈ ಲೇಖನದ ವಾದ. ಅವರು ರಾಜಕಾರಣಕ್ಕೆ ಹೊಸದಾಗಿ ಕಾಲಿಡುವವರಲ್ಲ. ಅಂಕಣದಲ್ಲಿದ್ದಾಗಲೇ ಅದರ ಏಟು ತಿಂದವರು.

ಝಝಾರಿಯಾ ಎಂಟು ವರ್ಷದ ಹುಡುಗನಾಗಿದ್ದಾಗ ಮರ ಹತ್ತುವಾಗ ವಿದ್ಯುತ್ ತಂತಿ ತಗುಲಿ ಎಡಗೈ ಹೋಯಿತು. ಜಾವೆಲಿನ್ ಬಲಗೈಯ ಆಟವೆಂದು ನೋಡುವವರಿಗೆ ಅನ್ನಿಸಬಹುದು. ಆದರೆ ಎಸೆಯುವ ಕ್ಷಣವನ್ನು ನಿಧಾನಗತಿಯ ಚಿತ್ರದಲ್ಲಿ ಗಮನಿಸಿದರೆ ಎಡಗೈಯ ಕೆಲಸ ಕಾಣುತ್ತದೆ: ಓಟದ ಕೊನೆಯ ಹೆಜ್ಜೆಗಳಲ್ಲಿ ಅದು ಮುಂದಕ್ಕೆ ಚಾಚಿ ಎದೆಯನ್ನು ಬಿಲ್ಲಿನಂತೆ ಬಿಗಿಯುತ್ತದೆ, ಮರುಕ್ಷಣ ಮೈಯ ಕಡೆಗೆ ಸೆಳೆದುಕೊಂಡು ಆ ಬದಿಯನ್ನು ಗಟ್ಟಿಯಾಗಿ ನಿಲ್ಲಿಸುತ್ತದೆ. ಆ ಆಧಾರವಿಲ್ಲದವನು ಸೊಂಟ, ಕಾಲುಗಳಿಂದಲೇ ಆ ಬಲವನ್ನು ಹುಟ್ಟಿಸಬೇಕು. ಎಫ್46 ಎಂಬ ವರ್ಗ ಇರುವುದು ಈ ಕೊರತೆಯನ್ನು ಲೆಕ್ಕಕ್ಕೆ ಹಿಡಿಯಲೆಂದು. ಸಮಾನರನ್ನು ಸಮಾನರ ಎದುರು ನಿಲ್ಲಿಸುವ ಈ ವರ್ಗೀಕರಣವೇ ಪ್ಯಾರಾ ಕ್ರೀಡೆಯ ಸಂವಿಧಾನ.

ಆ ಸಂವಿಧಾನಕ್ಕೆ ತಿದ್ದುಪಡಿ ಮಾಡುವವರು ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯವರು. 2004ರ ಅಥೆನ್ಸ್‌ನಲ್ಲಿ 62.15 ಮೀಟರ್ ಎಸೆದು ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದ ಝಝಾರಿಯಾ ಅವರಿಗೆ ಬೀಜಿಂಗ್‌ನಲ್ಲಾಗಲಿ ಲಂಡನ್‌ನಲ್ಲಾಗಲಿ ಎಸೆಯುವ ಅವಕಾಶವೇ ಸಿಗಲಿಲ್ಲ. 2008 ಮತ್ತು 2012ರ ಕಾರ್ಯಕ್ರಮಪಟ್ಟಿಯಲ್ಲಿ ಅವರ ಸ್ಪರ್ಧೆ ಇರಲಿಲ್ಲ. ಗಾಯವಲ್ಲ, ವಯಸ್ಸಲ್ಲ, ಎದುರಾಳಿಯೂ ಅಲ್ಲ. ಹನ್ನೆರಡು ವರ್ಷ ಅವರನ್ನು ತಡೆದದ್ದು ಒಂದು ಪಟ್ಟಿ. (ಅದೇ ಲಂಡನ್‌ನಲ್ಲಿ ಭಾರತಕ್ಕೆ ದಕ್ಕಿದ ಏಕೈಕ ಪದಕ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರ ಎತ್ತರ ಜಿಗಿತದ ಬೆಳ್ಳಿ. ಗಿರೀಶರ ವರ್ಗ ಪಟ್ಟಿಯಲ್ಲಿತ್ತು ಎಂಬುದನ್ನು ನಾವು ಆಗ ಯೋಚಿಸಲೇ ಇಲ್ಲ.) 2016ರ ರಿಯೊದಲ್ಲಿ ಸ್ಪರ್ಧೆ ಮರಳಿತು, 63.97 ಮೀಟರ್, ಮತ್ತೆ ಚಿನ್ನ, ಮತ್ತೆ ವಿಶ್ವದಾಖಲೆ. ಟೋಕಿಯೊದಲ್ಲಿ ನಲವತ್ತರ ವಯಸ್ಸಿನಲ್ಲಿ ಎಸೆದ 64.35 ಮೀಟರ್ ಹಿಂದಿನ ಎರಡೂ ಚಿನ್ನಗಳಿಗಿಂತ ದೂರ ಹೋಯಿತು, ಸಿಕ್ಕಿದ್ದು ಮಾತ್ರ ಬೆಳ್ಳಿ.

ಚುನಾವಣೆಯಲ್ಲಿ ವರ್ಗೀಕರಣವಿಲ್ಲ. ಚುರುವಿನಲ್ಲಿ 1999ರಿಂದ ಗೆಲ್ಲುತ್ತಾ ಬಂದದ್ದು ಕಸ್ವಾನ್ ಮನೆತನ: ಮೊದಲು ತಂದೆ ರಾಮ್ ಸಿಂಗ್, 2014 ಮತ್ತು 2019ರಲ್ಲಿ ಮಗ ರಾಹುಲ್, ಎಲ್ಲವೂ ಬಿಜೆಪಿಯಿಂದಲೇ. ಟಿಕೆಟ್ ಕೈತಪ್ಪಿದ ಕೂಡಲೇ ರಾಹುಲ್ ಕಾಂಗ್ರೆಸ್ ಸೇರಿ ಅದೇ ಕ್ಷೇತ್ರದಲ್ಲಿ ನಿಂತರು. ಇಬ್ಬರೂ ಜಾಟರಾದ್ದರಿಂದ ಜಾತಿಯ ಲೆಕ್ಕ ಕದನವನ್ನು ತೀರ್ಮಾನಿಸುವಂತಿರಲಿಲ್ಲ. ಉಳಿದದ್ದು ಊರೂರಿನಲ್ಲಿ ಬೇರುಬಿಟ್ಟ ಮನೆತನಕ್ಕೂ ಪದಕ ತಂದ ಕೀರ್ತಿಗೂ ನಡುವಿನ ತೂಕ. ಝಝಾರಿಯಾ ಆರೂವರೆ ಲಕ್ಷಕ್ಕೂ ಹೆಚ್ಚು ಮತ ಪಡೆದು 72,737 ಮತಗಳಿಂದ ಸೋತರು. ಈ ಸೋಲಿಗೆ ಅಂಗವೈಕಲ್ಯವನ್ನು ಕಾರಣವೆನ್ನುವುದು ಸುಲಭದ ಓದು. ಇದೇ ಜಿಲ್ಲೆಯ ಸಾದುಲ್‌ಪುರದಲ್ಲಿ, 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಡಿಸ್ಕಸ್ ಚಿನ್ನ ಗೆದ್ದ ಕೃಷ್ಣಾ ಪೂನಿಯಾ 2013ರಲ್ಲಿ ಸೋತು, 2018ರಲ್ಲಿ ಗೆದ್ದು, 2023ರಲ್ಲಿ ಮತ್ತೆ ಸೋತರು. ಅಲ್ಲಿನ ಮತದಾರ ಪದಕವನ್ನು ಮೆಚ್ಚುತ್ತಾನೆ, ಆದರೆ ಅದನ್ನೇ ನಂಬಿ ಮತ ಹಾಕುವುದಿಲ್ಲ.

ಬ್ರಿಟನ್ನಿನ ದಾರಿ ಬೇರೆ. ಹನ್ನೊಂದು ಪ್ಯಾರಾಲಿಂಪಿಕ್ ಚಿನ್ನಗಳ ಗಾಲಿಕುರ್ಚಿ ಓಟಗಾರ್ತಿ ಟ್ಯಾನಿ ಗ್ರೇ ಥಾಂಪ್ಸನ್ 2010ರಲ್ಲಿ ಹೌಸ್ ಆಫ್ ಲಾರ್ಡ್ಸ್‌ಗೆ ಬಂದದ್ದು ನೇಮಕದಿಂದ. ಅಲ್ಲಿ ಅವರು ಯಾವ ಪಕ್ಷಕ್ಕೂ ಸೇರದ ಸದಸ್ಯೆ. ಮತಯಾಚನೆಯ ಹಂಗಿಲ್ಲದ ಕಾರಣಕ್ಕೇ ಕಲ್ಯಾಣ ಭತ್ಯೆ, ಸಾರಿಗೆ, ದಯಾಮರಣದಂಥ ವಿಷಯಗಳಲ್ಲಿ ಅವರು ಅಂಗವಿಕಲರ ಪರ ಕಟುವಾಗಿ ಮಾತಾಡಬಲ್ಲರು. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆಂದು ಹೊರಟಿದ್ದ ಅವರು ಲಂಡನ್ನಿನ ಕಿಂಗ್ಸ್ ಕ್ರಾಸ್ ತಲುಪಿದಾಗ ರೈಲಿನಿಂದ ಇಳಿಸಲು ಯಾರೂ ಬರಲಿಲ್ಲ. ಕಾದು ಕಾದು, ಸಾಮಾನನ್ನು ಪ್ಲಾಟ್‌ಫಾರಂ ಮೇಲೆ ಹಾಕಿ, ಬೋಗಿಯ ನೆಲದ ಮೇಲೆ ತೆವಳಿ ಕೆಳಗಿಳಿದರು. ಶಾಸನ ರೂಪಿಸುವ ಸದನದ ಸದಸ್ಯೆಯ ಪಾಡು ಇದು. ಆದರೆ ಹಾಗೆ ಇಳಿದವರು ಸದಸ್ಯೆಯಾಗಿದ್ದರಿಂದಲೇ ಅದು ದೇಶವಿಡೀ ಚರ್ಚೆಯಾಯಿತು ಎಂಬುದೂ ಅಷ್ಟೇ ನಿಜ.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿ ಸರ್ಕಾರಿ ಹುದ್ದೆಗಳಲ್ಲಿ ಶೇ. 4ರಷ್ಟು ಮೀಸಲಾತಿ ಕೊಟ್ಟಿತು. ಶಾಸನಸಭೆಯ ಸ್ಥಾನಗಳ ಪ್ರಶ್ನೆಯನ್ನು ಮುಟ್ಟಲಿಲ್ಲ. ಮತಗಟ್ಟೆಗೆ ಇಳಿಜಾರು ದಾರಿ ಬೇಕೆಂದು ಒಪ್ಪಿದವರು ಸದನದ ಬಾಗಿಲಿನ ಬಗ್ಗೆ ಸುಮ್ಮನಾದರು. 2025ರಲ್ಲಿ ತಮಿಳುನಾಡು ಸ್ಥಳೀಯ ಸಂಸ್ಥೆಗಳಿಗೆ ಅಂಗವಿಕಲರನ್ನು ನಾಮಕರಣ ಮಾಡಲು ಕಾನೂನು ತಂದದ್ದು ಈ ಮೌನಕ್ಕೆ ಸಿಕ್ಕ ಒಂದು ಉತ್ತರ, ಅದೂ ಕೆಳಗಿನ ಹಂತದಿಂದ. ರಾಜ್ಯಸಭೆಯ ನಾಮಕರಣಕ್ಕೆ ಸಂವಿಧಾನದ 80ನೇ ವಿಧಿ ಹೇಳುವುದು ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ ಎಂದು, ಕ್ರೀಡೆಯ ಹೆಸರಿಲ್ಲ. ಆದರೂ ತೆಂಡೂಲ್ಕರ್, ಮೇರಿ ಕೋಮ್, ಪಿ.ಟಿ. ಉಷಾ ಆ ಬಾಗಿಲಿನಿಂದಲೇ ಒಳಬಂದರು.

ಹೀಗಾಗಿ ಇಲ್ಲಿ ಪ್ಯಾರಾ ಅಥ್ಲೀಟರ ಕೈಗೆ ನಿಜವಾಗಿ ದಕ್ಕುವ ಅಧಿಕಾರ ಕ್ರೀಡಾಸಂಸ್ಥೆಯದು. ರಿಯೊದ ಷಾಟ್‌ಪುಟ್ ಬೆಳ್ಳಿಯ ದೀಪಾ ಮಲಿಕ್ 2019ರಲ್ಲಿ ಬಿಜೆಪಿ ಸೇರಿ, 2020ರಲ್ಲಿ ಭಾರತೀಯ ಪ್ಯಾರಾಲಿಂಪಿಕ್ ಸಮಿತಿಯ ಅಧ್ಯಕ್ಷೆಯಾಗಿದ್ದರು. ಅವರ ನಂತರ ಬಂದವರು ಝಝಾರಿಯಾ. ಇದನ್ನು ಸಮಾಧಾನಕರ ಬಹುಮಾನವೆಂದು ತಳ್ಳಿಹಾಕುವುದಕ್ಕೆ ನನಗೆ ಮನಸ್ಸಿಲ್ಲ. ತರಬೇತಿಯ ಹಣ, ಆಯ್ಕೆಯ ಮಾನದಂಡ, ಅಂತರರಾಷ್ಟ್ರೀಯ ಸಮಿತಿಯ ಮುಂದೆ ದೇಶದ ಅಹವಾಲು, ಎಲ್ಲ ಹಾದುಹೋಗುವುದು ಆ ಮೇಜಿನ ಮೇಲಿಂದ. ಚುರುವಿನ ಫಲಿತಾಂಶ ಬಂದದ್ದು 2024ರ ಜೂನ್ 4ರಂದು. ಮೂರು ತಿಂಗಳ ನಂತರ, ಅವರು ಅಧ್ಯಕ್ಷರಾಗಿದ್ದ ಸಮಿತಿಯ ತಂಡ ಪ್ಯಾರಿಸ್‌ನಿಂದ 29 ಪದಕಗಳೊಂದಿಗೆ ಮರಳಿತು. ಅವುಗಳಲ್ಲಿ ಎರಡು, ಅಜೀತ್ ಸಿಂಗ್ ಅವರ ಬೆಳ್ಳಿ ಮತ್ತು ಸುಂದರ್ ಸಿಂಗ್ ಗುರ್ಜರ್ ಅವರ ಕಂಚು, ಬಂದದ್ದು ಎಫ್46 ಜಾವೆಲಿನ್‌ನಲ್ಲಿ.