ಬೇಟೆಯ ಪರವಾನಗಿ ಮತ್ತು ಅದರ ಬೆಲೆ: ಮುಂಬಯಿ ಆಳಿಕೆಯ ಕಾನಡಾ ಕಾಡುಗಳನ್ನು ಕುರಿತು

ಬೇಟೆಯ ಇತಿಹಾಸವನ್ನು ಬರೆದವರಲ್ಲಿ ಹೆಚ್ಚಿನವರು ಬೇಟೆಗಾರರೇ ಆಗಿದ್ದಾರೆ. ಆದುದರಿಂದ ಹುಲಿಯ ಉದ್ದ, ಕೋಡಿನ ಅಳತೆ, ಗುಂಡು ತಾಗಿದ ಬಗೆ ಮೊದಲಾದವು ಅವರ ಗ್ರಂಥಗಳಲ್ಲಿ ವಿವರವಾಗಿ ದೊರೆಯುತ್ತವೆ. ಬೇಟೆಗೆ ತಗುಲಿದ ಬೆಲೆಯೆಷ್ಟು, ಅದನ್ನು ತೆತ್ತವರು ಯಾರು ಎಂಬ ಪ್ರಶ್ನೆಗೆ ಮಾತ್ರ ಅಲ್ಲಿ ಉತ್ತರ ವಿರಳ. ಈ ಪ್ರಶ್ನೆಯನ್ನು ಪರಿಶೀಲಿಸಲು ಮುಂಬಯಿಯ ಕನ್ನಡಿಗರಿಗೆ ಒಂದು ಹತ್ತಿರದ ನಿದರ್ಶನವಿದೆ. 1862ರಲ್ಲಿ ಉತ್ತರ ಕಾನಡಾ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸಂದಿತು. ನಡುವಣ 94 ವರ್ಷ ಸೂಪಾ, ಹಳಿಯಾಳ, ಯಲ್ಲಾಪುರ, ಶಿರಸಿಗಳ ಕಾಡುಗಳು ಮುಂಬಯಿ ಸರಕಾರದ ಅರಣ್ಯಾಧಿಕಾರಿಗಳ ಕೈಯಲ್ಲಿದ್ದವು. ಅಲ್ಲಿ ಯಾರು ಬೇಟೆಯಾಡಬಹುದು, ಯಾರು ಆಡಬಾರದು ಎಂಬುದನ್ನು ಪರವಾನಗಿಯ ಕಾಗದವು ನಿರ್ಣಯಿಸುತ್ತಿತ್ತು. ಆ ಕಾಗದದ ಮೇಲೆ ಬರೆದ ಶುಲ್ಕವು ಬೇಟೆಯ ನಿಜವಾದ ಬೆಲೆಯ ಅತ್ಯಲ್ಪ ಅಂಶವಾಗಿತ್ತೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಬೇಟೆಯ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿ ಕನ್ನಡನಾಡಿಗೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು (ಕ್ರಿ. ಶ. 949–50) ಇದಕ್ಕೆ ಪ್ರಸಿದ್ಧ ಸಾಕ್ಷಿ. ಗಂಗದೊರೆ ಬೂತುಗನಿಂದ ಮಣಲೇರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಡನೆ ಹೋರಿತು, ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು. ಅದರ ಪೂಜೆಗೆ ಭೂಮಿ ಬಿಡಲಾಯಿತು. ತಕ್ಕೋಲದ ಯುದ್ಧದ ವಾರ್ತೆಯನ್ನು ಕೆತ್ತಿದ ಕಲ್ಲಿನಲ್ಲಿಯೇ ಬೇಟೆಯಲ್ಲಿ ಮಡಿದ ನಾಯಿಯ ಹೆಸರೂ ಉಳಿದಿದೆ. ಅಂದು ಪರವಾನಗಿಯೆಂಬುದು ಇರಲಿಲ್ಲ. ಅರಸರಿಗೆ ಬೇಟೆ ವಿನೋದವಾಗಿತ್ತು. ರೈತನಿಗೆ ಅದು ಪೈರಿನ ರಕ್ಷಣೆ, ಕಾಡಿನವನಿಗೆ ಆಹಾರ.

ಈ ಮೂರು ಬಗೆಯ ಬೇಟೆಗಳ ನಡುವೆ ಕಾಯದೆಯ ಗೆರೆ ಎಳೆಯಲ್ಪಟ್ಟುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1878ರಲ್ಲಿ ಎರಡು ಕಾಯದೆಗಳು ಬಂದವು. ಅರಣ್ಯ ಕಾಯದೆಯು ಮೀಸಲು ಕಾಡಿನೊಳಗಿನ ಬೇಟೆಯನ್ನು ಸರಕಾರದ ನಿಯಮಕ್ಕೆ ಒಳಪಡಿಸಿತು. ಶಸ್ತ್ರ ಕಾಯದೆಯು ಕೋವಿ ಇಟ್ಟುಕೊಳ್ಳಲು ಲೈಸೆನ್ಸನ್ನು ಕಡ್ಡಾಯಗೊಳಿಸಿತು. ಆದರೆ ಅದರ ನಿಯಮಗಳು ಯುರೋಪಿಯನ್ನರಿಗೆ ವಿನಾಯಿತಿ ನೀಡಿದ್ದವು. ಈ ಜನಾಂಗಭೇದ ತೊಡೆದುಹೋಗಲು ಮೊದಲ ಮಹಾಯುದ್ಧ ಮುಗಿಯಬೇಕಾಯಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದಲೇ ಕೋವಿಯ ವಿನಾಯಿತಿ ಇತ್ತು. ಕಾನಡಾದ ಕುಣಬಿ, ಹಾಲಕ್ಕಿ, ಸಿದ್ದಿ, ಗೌಳಿಗರಿಗೆ ಅಂಥ ವಿನಾಯಿತಿ ಇರಲಿಲ್ಲ. ತಲೆಮಾರುಗಳಿಂದ ಕಾಡಿನಲ್ಲಿದ್ದವನು ಒಂದು ಕಡವೆಯನ್ನು ಹೊಡೆದರೆ ಅಪರಾಧಿ. ಪರವಾನಗಿ ಪಡೆದು ದೂರದಿಂದ ಬಂದವನು ಅದೇ ಕಡವೆಯನ್ನು ಹೊಡೆದರೆ ಬೇಟೆಗಾರ. ಭಾಷೆಯಲ್ಲಿಯೂ ಈ ಭೇದ ನೆಲೆಸಿತು: ಒಬ್ಬನದು ಶಿಕಾರಿ, ಇನ್ನೊಬ್ಬನದು ಕಳ್ಳಬೇಟೆ.

ಪ್ರಾಣಿಗಳಲ್ಲಿಯೂ ಕಾಯದೆ ತಾರತಮ್ಯವನ್ನು ಎಣಿಸಿತು. ಆನೆ ಸರಕಾರಕ್ಕೆ ದುಡಿಯುವ ಪ್ರಾಣಿ. ಅಂತೆಯೇ 1879ರ ಆನೆಗಳ ಸಂರಕ್ಷಣ ಕಾಯದೆಯು ಅನುಮತಿಯಿಲ್ಲದೆ ಕಾಡಾನೆಯನ್ನು ಕೊಂದವನಿಗೆ ಆನೆಯೊಂದಕ್ಕೆ 500 ರೂಪಾಯಿಗಳವರೆಗೆ ದಂಡ ವಿಧಿಸಿತು. 1912ರ ಕಾಡುಹಕ್ಕಿ ಮತ್ತು ಕಾಡುಪ್ರಾಣಿಗಳ ಸಂರಕ್ಷಣ ಕಾಯದೆಯು ಜಿಂಕೆ, ಕಾಡುಕೋಣ, ಮೊಲ ಮೊದಲಾದವುಗಳಿಗೆ ನಿಷಿದ್ಧ ಋತುವನ್ನು ಗೊತ್ತುಪಡಿಸಲು ಅವಕಾಶವಿತ್ತಿತು. ಮೊದಲ ಅಪರಾಧಕ್ಕೆ ದಂಡ 50 ರೂಪಾಯಿಗಳನ್ನು ಮೀರುತ್ತಿರಲಿಲ್ಲ. ಈ ಕಾಯದೆಯ ಅನುಸೂಚಿಯಲ್ಲಿ ಹುಲಿಯ ಹೆಸರಿಲ್ಲ. ಚಿರತೆಯ ಹೆಸರೂ ಇಲ್ಲ. ಅವು ರಕ್ಷಿಸತಕ್ಕ ಪ್ರಾಣಿಗಳಾಗಿರದೆ ಅಳಿಸತಕ್ಕವುಗಳಾಗಿದ್ದವು.

ಇಲ್ಲಿ ಸರಕಾರದ ಲೆಕ್ಕದಲ್ಲಿ ಒಂದು ವಿಚಿತ್ರವಾದ ವಿರೋಧ ಕಾಣುತ್ತದೆ. ಹುಲಿಯನ್ನು ಕೊಂದವನು ಅದರ ತೊಗಲನ್ನು ಅಧಿಕಾರಿಗಳಿಗೆ ತೋರಿಸಿ ಖಜಾನೆಯಿಂದ ಬಹುಮಾನ ಪಡೆಯಬಹುದಾಗಿತ್ತು. ಅದೇ ಹುಲಿಯನ್ನು ಮೀಸಲು ಕಾಡಿನಲ್ಲಿ ಕೊಲ್ಲುವ ಅವಕಾಶಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕಾಗಿತ್ತು. ಹೀಗೆ ಒಂದೇ ಪ್ರಾಣಿಯು ಒಂದು ಕಚೇರಿಯಲ್ಲಿ ಖರ್ಚಿನ ಬಾಬು, ಮತ್ತೊಂದರಲ್ಲಿ ಮೀಸಲಿಟ್ಟ ಸೊತ್ತು. ಇತಿಹಾಸಕಾರ ಮಹೇಶ ರಂಗರಾಜನ್ ಅವರ ಅಂದಾಜಿನಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಭಾರತದಲ್ಲಿ 80,000ಕ್ಕೂ ಹೆಚ್ಚು ಹುಲಿಗಳೂ 1,50,000ಕ್ಕೂ ಹೆಚ್ಚು ಚಿರತೆಗಳೂ ಕೊಲ್ಲಲ್ಪಟ್ಟವು. ಎಂದರೆ ವರ್ಷಕ್ಕೆ ಸರಾಸರಿ 1,600 ಹುಲಿಗಳು. 1972ರಲ್ಲಿ ಇಡೀ ದೇಶದ ಹುಲಿಗಳನ್ನು ಎಣಿಸಿದಾಗ ದೊರೆತ ಸಂಖ್ಯೆ 1,827. ಹಿಂದೆ ಒಂದು ವರ್ಷದಲ್ಲಿ ವೆಚ್ಚವಾಗುತ್ತಿದ್ದುದಕ್ಕಿಂತ ಸ್ವಲ್ಪವೇ ಹೆಚ್ಚಿನ ಮೂಲಧನ ಆಗ ಉಳಿದಿತ್ತು.

ಇನ್ನು ಅರ್ಜಿದಾರನ ದೃಷ್ಟಿಯಿಂದ ನೋಡೋಣ. ಮುಂಬಯಿಯಿಂದ ಕಾನಡಾದ ಕಾಡಿಗೆ ಹೊರಟವನಿಗೆ ಎರಡು ದಾರಿಗಳಿದ್ದವು: ಕರಾವಳಿಯ ಉಗಿಹಡಗಿನಲ್ಲಿ ಕಾರವಾರಕ್ಕೆ, ಇಲ್ಲವೆ ಪುಣೆಯ ಮೇಲಿಂದ ರೈಲಿನಲ್ಲಿ ಲೋಂಡಾ, ಅಳ್ನಾವರಗಳಿಗೆ. ಮಳೆಗಾಲದಲ್ಲಿ ಹಡಗುಗಳು ನಿಲ್ಲುತ್ತಿದ್ದವು. ಕಾಡಿನ ದಾರಿಗಳೂ ಮುಚ್ಚುತ್ತಿದ್ದವು. ಎಲೆ ಉದುರಿ, ಹಳ್ಳಗಳು ಬತ್ತಿ, ಮೃಗಗಳು ಉಳಿದ ನೀರಿನ ಬಳಿ ಸೇರುವ ಬೇಸಗೆಯಲ್ಲಿಯೇ ಬೇಟೆಯ ಸಂಭವ ಹೆಚ್ಚು. ಆ ಕೆಲವೇ ವಾರಗಳ ಮೇಲೆ ಎಲ್ಲರ ಕಣ್ಣು. ಯಾರಿಗೆ ಯಾವ ಕಾಡು, ಎಷ್ಟು ದಿನ ಎಂಬುದು ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯ. ಜಿಲ್ಲೆಯ ಸಾಹೇಬನ ಪರಿಚಯವುಳ್ಳವನಿಗೂ, ಟಪಾಲಿನಲ್ಲಿ ಅರ್ಜಿ ಕಳುಹಿಸಿ ಕಾಯುವವನಿಗೂ ಅವಕಾಶ ಸಮಾನವಾಗಿರಲು ಸಾಧ್ಯವಿರಲಿಲ್ಲ.

ಅಮೆರಿಕದ ಪಶ್ಚಿಮ ಸಂಸ್ಥಾನಗಳಲ್ಲಿ ಬೇರೊಂದು ಪದ್ಧತಿ ಬೆಳೆಯಿತು. ಅಲ್ಲಿ ದೊಡ್ಡ ಮೃಗಗಳ ಬೇಟೆಯ ಚೀಟಿಗಳ ಸಂಖ್ಯೆಯನ್ನು ಮೊದಲೇ ಗೊತ್ತುಪಡಿಸಿ, ಅರ್ಜಿಗಳು ಹೆಚ್ಚಾದೆಡೆಯಲ್ಲಿ ಲಾಟರಿ ಎತ್ತಿ ಹಂಚುತ್ತಾರೆ. ಶುಲ್ಕದ ಹಣ ವನ್ಯಪ್ರಾಣಿ ಇಲಾಖೆಗಳಿಗೆ ಸಲ್ಲುತ್ತದೆ. ಕೋವಿ ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನೂ 1937ರ ಒಂದು ಕಾಯದೆ ಇದೇ ಕಾರ್ಯಕ್ಕೆ ಮೀಸಲಿಟ್ಟಿದೆ. ಹಲವು ವರ್ಷ ಅರ್ಜಿ ಹಾಕಿಯೂ ಚೀಟಿ ದೊರೆಯದವರು ಅಲ್ಲಿ ಬಹುಮಂದಿ. ಆದರೂ ತನ್ನ ಸಂಭವವೆಷ್ಟೆಂದು ಅರ್ಜಿದಾರನು ಅಂಕಿಗಳಿಂದ ತಿಳಿಯಬಲ್ಲನು. ಕಾನಡಾದಲ್ಲಿ ಆ ಸಂಭವವನ್ನು ಅಂಕಿಗಳಲ್ಲಿ ಎಣಿಸುವಂತಿರಲಿಲ್ಲ. ಅದು ಪರಿಚಯದ ಮೇಲೆ ನಿಂತಿತ್ತು.

ಅನುಮತಿ ದೊರೆತ ಮೇಲೂ ವೆಚ್ಚದ ಮುಖ್ಯ ಭಾಗ ಮುಂದಿರುತ್ತಿತ್ತು. ಎತ್ತಿನ ಗಾಡಿಗಳು, ಡೇರೆ, ಅಡಿಗೆಯವರು, ಹೆಜ್ಜೆ ಹಿಡಿಯುವ ಜಾಣ, ಮರದ ಮೇಲೆ ಅಟ್ಟಣೆ ಕಟ್ಟುವವರು, ಹುಲಿಗೆ ಕಟ್ಟಲು ಎಮ್ಮೆಯ ಕರು ಇವೆಲ್ಲ ಬೇಕು. ಕರುವನ್ನು ಕಟ್ಟಿದಲ್ಲೆಲ್ಲ ಹುಲಿ ಬರುವುದೆಂದೂ ಇಲ್ಲ. ಹಳು ಸೋವುವ ಬೇಟೆಯಾದರೆ ಊರಿನ ಗಂಡಸರು ಸಾಲಾಗಿ ನಿಂತು, ಪೊದೆ ಬಡಿದು, ಕೂಗು ಹಾಕಿ, ಮೃಗವನ್ನು ಕೋವಿಯತ್ತ ಅಟ್ಟಬೇಕು. ಅವರ ಕೈಯಲ್ಲಿ ಕೋಲಿದ್ದರೆ ಹೆಚ್ಚು. ಗಾಯಗೊಂಡ ಹುಲಿ ಹಿಂದಿರುಗಿದರೆ ಮೊದಲು ಅದಕ್ಕೆ ಎದುರಾಗುವವರು ಅವರೇ, ಅಟ್ಟಣೆಯ ಮೇಲಿದ್ದವನಲ್ಲ. ಬೇಟೆಗಾರನು ಅಧಿಕಾರಿಯಾಗಿದ್ದರೆ ಹಾಲು, ಕೋಳಿ, ಹುಲ್ಲು, ಕಟ್ಟಿಗೆಗಳನ್ನು ಊರು ಒದಗಿಸಬೇಕು. ಹಲವೆಡೆ ಅದು ಬಿಟ್ಟಿಯಾಗಿಯೇ ನಡೆಯುತ್ತಿತ್ತು. ದಿನಗೂಲಿ ಕೊಟ್ಟಲ್ಲಿಯೂ ಕೂಲಿಯಾಳು ತನ್ನ ಗದ್ದೆಯ ಕೆಲಸವನ್ನು ಬಿಟ್ಟುಬರಬೇಕಾಗಿತ್ತು. ಈ ಬಾಬುಗಳಲ್ಲಿ ಒಂದೂ ಪರವಾನಗಿಯ ಕಾಗದದ ಮೇಲೆ ಕಾಣುವುದಿಲ್ಲ. ಆತಕೂರಿನ ಕಲ್ಲು ನಾಯಿಯ ಹೆಸರನ್ನು ಉಳಿಸಿತು. ಹಳು ಸೋವಿದವರ ಹೆಸರನ್ನಾದರೋ ಬೇಟೆಗಾರರ ಪುಸ್ತಕಗಳು ಸಾಮಾನ್ಯವಾಗಿ ಉಳಿಸಲಿಲ್ಲ. ಅಲ್ಲಿ ಅವರು ಬರಿಯ ಸಂಖ್ಯೆ.

ಇದಕ್ಕಿಂತಲೂ ಸೂಕ್ಷ್ಮವಾದ ನಷ್ಟ ಇನ್ನೊಂದಿದೆ. 1912ರ ಕಾಯದೆಯು ಪ್ರಾಣ ಮತ್ತು ಸ್ವತ್ತಿನ ರಕ್ಷಣೆಗಾಗಿ ಪ್ರಾಣಿಯನ್ನು ಕೊಲ್ಲುವುದನ್ನು ಅಪರಾಧವೆಂದು ಎಣಿಸಲಿಲ್ಲ. ಆದರೆ ಹಂದಿ ಗದ್ದೆಗೆ ನುಗ್ಗಿದ ರಾತ್ರಿ ಕೋವಿಯಿಲ್ಲದ ರೈತನಿಗೆ ಈ ಹಕ್ಕಿನಿಂದ ಪ್ರಯೋಜನವೇನು? ಕೋವಿಗೆ ಲೈಸೆನ್ಸು ಬೇಕು. ಲೈಸೆನ್ಸಿಗೆ ಅರ್ಜಿ, ಶುಲ್ಕ, ತಾಲೂಕು ಕಚೇರಿಯ ಅಲೆದಾಟ ಬೇಕು. ಹಕ್ಕು ಕಾಯದೆಯಲ್ಲಿತ್ತು, ಸಾಧನ ಕೈಯಲ್ಲಿರಲಿಲ್ಲ.

ಬೇಟೆಯ ನಿಯಮಗಳ ಇತಿಹಾಸದಲ್ಲಿ ಮುಂಬಯಿ ನಗರಕ್ಕೆ ಇನ್ನೊಂದು ಪಾತ್ರವೂ ಇದೆ. 1883ರ ಸೆಪ್ಟೆಂಬರ್ 15ರಂದು ಎಂಟು ಮಂದಿ ಆಸಕ್ತರು ಇಲ್ಲಿ ಕೂಡಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸಾಯಿಟಿಯನ್ನು ಸ್ಥಾಪಿಸಿದರು. ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ ಅವರಲ್ಲಿದ್ದ ಇಬ್ಬರು ಭಾರತೀಯರು. ಸೊಸಾಯಿಟಿಯ ಪತ್ರಿಕೆ 1886ರಲ್ಲಿ ಆರಂಭವಾಯಿತು. ಮೊದಮೊದಲು ಅದರಲ್ಲಿ ಬರೆದವರಲ್ಲಿ ಬೇಟೆಗಾರರು ಬಹಳ. ಕಾಲಕ್ರಮದಲ್ಲಿ ಮೃಗಗಳು ಕಡಿಮೆಯಾಗುತ್ತಿವೆಯೆಂಬುದನ್ನು ಮೊದಲು ಕಂಡವರಲ್ಲಿಯೂ ಅವರು ಸೇರಿದ್ದರು. 1951ರ ಮುಂಬಯಿ ಕಾಡುಪ್ರಾಣಿ ಮತ್ತು ಕಾಡುಹಕ್ಕಿಗಳ ಸಂರಕ್ಷಣ ಕಾಯದೆಯು ರೂಪುಗೊಳ್ಳುವಲ್ಲಿ ಈ ಸೊಸಾಯಿಟಿಯ ಹುಮಾಯೂನ್ ಅಬ್ದುಲಲಿಯವರ ಶ್ರಮ ಗಣನೀಯವಾದುದು. ಬೇಟೆಯ ಪರವಾನಗಿಯು ಅರಣ್ಯದ ಆಡಳಿತದಿಂದ ಪ್ರಾಣಿಯ ಸಂರಕ್ಷಣೆಯತ್ತ ಹೊರಳಿದುದು ಈ ಕಾಲದಲ್ಲಿ. 1956ರ ಮೇ 10ರಂದು ದಾಂಡೇಲಿ ವನ್ಯಧಾಮ ಘೋಷಿತವಾಯಿತು. ಆರು ತಿಂಗಳೊಳಗೆ ಆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬಯಿ ಆಳಿಕೆಯು ಹೊರಡುವ ಮುನ್ನ ಕಾನಡಾದ ಕಾಡಿಗೆ ಬಿಟ್ಟುಹೋದ ಕೊನೆಯ ಕಾಣಿಕೆಗಳಲ್ಲಿ ಇದೊಂದು.

ಮುಂದಿನ ಘಟನೆಗಳು ಬೇಗಬೇಗನೆ ನಡೆದವು. 1969ರಲ್ಲಿ ದಿಲ್ಲಿಯಲ್ಲಿ ನೆರೆದ ಅಂತರರಾಷ್ಟ್ರೀಯ ಸಂರಕ್ಷಣ ಸಂಘದ ಮಹಾಸಭೆ ಹುಲಿಯ ದುರವಸ್ಥೆಯನ್ನು ಎತ್ತಿ ತೋರಿಸಿತು. 1970ರಲ್ಲಿ ಹುಲಿಬೇಟೆ ನಿಂತಿತು. 1972ರ ವನ್ಯಜೀವಿ ಸಂರಕ್ಷಣ ಕಾಯದೆ ಹುಲಿಯನ್ನು ಮೊದಲ ಅನುಸೂಚಿಯಲ್ಲಿರಿಸಿತು. ಆದರೆ ಬೇಟೆ ಆಗಲೇ ಸಂಪೂರ್ಣವಾಗಿ ಕೊನೆಗೊಂಡಿತೆಂದು ತಿಳಿಯುವುದು ತಪ್ಪು. ಅದೇ ಕಾಯದೆಯ ಒಂಬತ್ತನೆಯ ಪ್ರಕರಣದಲ್ಲಿ ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆಗಳಿಗೆ ಪ್ರತ್ಯೇಕ ಪರವಾನಗಿಗಳ ಏರ್ಪಾಡಿತ್ತು. 1991ರ ತಿದ್ದುಪಡಿಯು ಆ ಏರ್ಪಾಡನ್ನು ತೆಗೆದುಹಾಕಿತು. ವಿನೋದಕ್ಕಾಗಿ ಆಡುವ ಬೇಟೆಗೆ ಅರ್ಜಿ ಹಾಕುವ ದಾರಿ ಭಾರತದಲ್ಲಿ ಮುಚ್ಚಿದುದು ಅಂದು.

ಫಲವೇನೆಂಬುದು ಈಗ ಅಂಕಿಗಳಲ್ಲಿಯೇ ಇದೆ. ದಾಂಡೇಲಿ ಮತ್ತು ಅಣಶಿಯ ಕಾಡುಗಳು 2007ರಲ್ಲಿ ಹುಲಿ ಮೀಸಲು ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು. ಈ ಕಾಳಿ ನದಿಯ ಹೆಸರು. ಆತಕೂರಿನ ನಾಯಿಯ ಹೆಸರೂ ಅದೇ ಆದುದು ಆಕಸ್ಮಿಕ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ. ಮಧ್ಯಪ್ರದೇಶವೊಂದರಲ್ಲಿ ಮಾತ್ರ ಇದಕ್ಕಿಂತ ಹೆಚ್ಚು. ಈ ಸಾಧನೆಯನ್ನು ಅಲ್ಲಗಳೆಯುವಂತಿಲ್ಲ.

ಆದರೆ ಅರ್ಜಿಯೆಂಬುದು ಕಾಡಿನಂಚಿನಿಂದ ಮರೆಯಾಗಿಲ್ಲ, ಅರ್ಜಿದಾರನು ಬದಲಾಗಿದ್ದಾನೆ. ಹಿಂದೆ ಬೇಟೆಗಾರನು ಹುಲಿಯನ್ನು ಕೊಲ್ಲಲು ಅನುಮತಿ ಬೇಡುತ್ತಿದ್ದನು. ಈಗ ಹಸುವನ್ನು ಹುಲಿಗೆ ಕಳೆದುಕೊಂಡವನು, ತೋಟವನ್ನು ಆನೆಗೆ ಕಳೆದುಕೊಂಡವನು ಪರಿಹಾರ ಬೇಡುತ್ತಾನೆ. ಹಳು ಸೋವಿದವರ ಮೊಮ್ಮಕ್ಕಳೇ ಬಹುಶಃ ಈ ಅರ್ಜಿದಾರರು. ಬೇಟೆಯ ಕಾಲದಲ್ಲಿ ಅದರ ಬೆಲೆಯ ದೊಡ್ಡ ಪಾಲನ್ನು ಹೊತ್ತವರು ಸಂರಕ್ಷಣೆಯ ಕಾಲದಲ್ಲಿಯೂ ಅದರ ದೊಡ್ಡ ಪಾಲನ್ನು ಹೊರುತ್ತಿದ್ದಾರೆ. ಕಾನಡಾದ ಪರವಾನಗಿಯ ಇತಿಹಾಸದಿಂದ ಕಲಿಯತಕ್ಕದ್ದು ಇದು: ಕಾಡಿನ ಲೆಕ್ಕವನ್ನು ಬರೆಯುವಾಗ ಶುಲ್ಕ ತೆತ್ತವನ ಹೆಸರಿನೊಡನೆ ನಷ್ಟ ತೆತ್ತವನ ಹೆಸರನ್ನೂ ಬರೆಯಬೇಕು. ಹಾಗೆ ಬರೆಯದ ಹೊರತು ಆ ಲೆಕ್ಕವು ಸರಿಹೊಂದದು.