ಒಂದೇ ಸಂಘ, ಹಲವು ಮಧುಮೇಹ: ಬ್ರಿಟನ್ನಿನ ರೋಗಿಗಳ ಸಂಘಟನೆಯಲ್ಲಿ ಅನುಭವ ಮತ್ತು ಪುರಾವೆ

ಮಧುಮೇಹಿಗಳ ಪರಸ್ಪರ ಬೆಂಬಲದ ಗುಂಪುಗಳ ಬಗೆಗಿನ ಬರಹಗಳು ಬಹುಮಟ್ಟಿಗೆ ಒಂದು ಎಣಿಕೆಯಿಂದ ಹೊರಡುತ್ತವೆ: ಒಂದೇ ಕಾಯಿಲೆಯವರು ಒಟ್ಟು ಕೂತರೆ ಒಬ್ಬರಿಗೊಬ್ಬರು ಅರ್ಥವಾಗುತ್ತಾರೆ. ಬ್ರಿಟನ್ನಿನ ಮಧುಮೇಹಿಗಳ ಸಂಘದ ಚರಿತ್ರೆಯ ಮುಂದೆ ಈ ಎಣಿಕೆ ನಿಲ್ಲುವುದಿಲ್ಲ. ಅಲ್ಲಿ ಜನರನ್ನು ಒಗ್ಗೂಡಿಸಿದ್ದು ಚಿಕಿತ್ಸೆ ಎಲ್ಲರಿಗೂ ದಕ್ಕಬೇಕೆಂಬ ಬೇಡಿಕೆ. ಕಾಯಿಲೆಯೊಂದೇ ಆಗಿದ್ದರೆ ಅವರು ಬೇಗನೆ ಚದುರುತ್ತಿದ್ದರು. ಒಬ್ಬರ ದೇಹದ ಅನುಭವವನ್ನು ಇನ್ನೊಬ್ಬರ ಅಳತೆಗೋಲಿನಿಂದ ಅಳೆದಾಗಲೆಲ್ಲ ಅಲ್ಲಿ ಜಗಳ ಹುಟ್ಟಿತು ಎಂಬುದು ಈ ಲೇಖನದ ವಾದ.

1934ರಲ್ಲಿ ಲಂಡನ್ನಿನಲ್ಲಿ ಸಂಘವನ್ನು ಕಟ್ಟಿದವರು ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ವೈದ್ಯ ಆರ್. ಡಿ. ಲಾರೆನ್ಸ್ ಮತ್ತು ಲೇಖಕ ಎಚ್. ಜಿ. ವೆಲ್ಸ್. ಇಬ್ಬರೂ ಮಧುಮೇಹಿಗಳು. ಆದರೆ ಅವರ ಮಧುಮೇಹಗಳಿಗೆ ಹೋಲಿಕೆಯೇ ಕಡಿಮೆ. ಲಾರೆನ್ಸ್ ಅವರಿಗೆ ಅದು 1920ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಬಂತು. ಟೊರಾಂಟೊದಲ್ಲಿ ಇನ್ಸುಲಿನ್ ಪತ್ತೆಯಾಗಲು ಇನ್ನೂ ಒಂದು ವರ್ಷವಿತ್ತು. ಉಳಿದ ದಿನಗಳನ್ನು ಕಳೆಯಲು ಫ್ಲಾರೆನ್ಸಿಗೆ ಹೋಗಿದ್ದ ಅವರು, 1923ರಲ್ಲಿ ಔಷಧ ಬಂದಿದೆಯೆಂಬ ಸುದ್ದಿ ತಿಳಿದು ಲಂಡನ್ನಿಗೆ ಮರಳಿದರು. 1968ರವರೆಗೆ ಸೂಜಿಮದ್ದಿನ ಬಲದಲ್ಲಿ ಬದುಕಿದರು. ವೆಲ್ಸ್ ಅವರಿಗೆ ಕಾಯಿಲೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ. ಒಬ್ಬರಿಗೆ ಇನ್ಸುಲಿನ್ ಇಲ್ಲದೆ ಬಹುಕಾಲ ಉಳಿಯುವುದೇ ಕಷ್ಟ, ಇನ್ನೊಬ್ಬರಿಗೆ ಅದು ವರ್ಷಗಟ್ಟಲೆ ಪಥ್ಯದಲ್ಲಿ ಸಾಗಿಸಬಹುದಾದ ತೊಂದರೆ. ಇಂದು ಟೈಪ್ 1, ಟೈಪ್ 2 ಎಂದು ಕರೆಯುವ ಈ ಎರಡನ್ನು ಪ್ರಯೋಗದಿಂದ ಬೇರೆಬೇರೆಯಾಗಿ ತೋರಿಸಿದ ಹೆರಾಲ್ಡ್ ಹಿಮ್ಸ್‌ವರ್ತ್ ಅವರ ಪ್ರಬಂಧ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದದ್ದು 1936ರಲ್ಲಿ. ಅಂದರೆ ವ್ಯತ್ಯಾಸ ಶಾಸ್ತ್ರಕ್ಕೆ ಸ್ಪಷ್ಟವಾಗುವ ಮೊದಲೇ ಸಂಘ ಹುಟ್ಟಿತ್ತು. ಲಾರೆನ್ಸ್, ವೆಲ್ಸ್ ಇಬ್ಬರೂ ಒಂದೇ ಪಥ್ಯವನ್ನು ನಂಬಿ ಒಟ್ಟಾದವರಲ್ಲ. ಕೈಯಲ್ಲಿ ಕಾಸಿಲ್ಲದವರಿಗೂ ಚಿಕಿತ್ಸೆ ಸಿಗಬೇಕು ಎಂಬಲ್ಲಿ ಅವರ ದಾರಿ ಕೂಡಿತ್ತು. ಲಿಸ್ಬನ್ನಿನಲ್ಲಿ 1926ರಷ್ಟು ಹಿಂದೆಯೇ ಅರ್ನೆಸ್ಟೊ ರೋಮಾ ಸ್ಥಾಪಿಸಿದ ಸಂಸ್ಥೆಯೂ ಬಡ ಮಧುಮೇಹಿಗಳ ರಕ್ಷಣೆಗೆಂದೇ ಮೊದಲಾದದ್ದು.

ಊಟದ ವಿಷಯಕ್ಕೆ ಬಂದರೆ ಈ ಒಮ್ಮತ ತೆಳುವಾಗುತ್ತದೆ. ವೈದ್ಯರೇ ಅದರಲ್ಲಿ ಒಂದಾಗಿರಲಿಲ್ಲ ಎಂಬುದನ್ನು ಮರೆಯಬಾರದು. 1940ರ ದಶಕದ ಅಮೆರಿಕದಲ್ಲಿ ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್ ತೂಕ ಮಾಡಿದ ಪಥ್ಯವನ್ನು ಪಟ್ಟುಹಿಡಿದು ಹೇಳುತ್ತಿದ್ದರೆ, ನ್ಯೂಯಾರ್ಕಿನ ಎಡ್ವರ್ಡ್ ಟಾಲ್ಸ್‌ಟಾಯ್ ಬೇಕಾದ್ದು ಉಣ್ಣಲು ಬಿಡಿ ಎನ್ನುತ್ತಿದ್ದರು. ಇಂದಿನ ಸ್ಥಿತಿ ಇನ್ನೂ ಸೂಕ್ಷ್ಮ. ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ ಪದ್ಧತಿಯನ್ನು ಅನುಸರಿಸಿ ಬ್ರಿಟನ್ನಿನಲ್ಲಿ ನಡೆದ, 2002ರಲ್ಲಿ ವರದಿಯಾದ ‘ಡ್ಯಾಫ್ನೆ’ ಅಧ್ಯಯನ ಟೈಪ್ 1ರವರಿಗೆ ಹೇಳಿದ್ದು: ಊಟಕ್ಕೆ ತಕ್ಕಂತೆ ಇನ್ಸುಲಿನ್ ಲೆಕ್ಕ ಹಾಕಲು ಕಲಿಯಿರಿ, ಆಮೇಲೆ ತಟ್ಟೆಯಲ್ಲಿ ಏನಿರಬೇಕೆಂಬುದು ನಿಮಗೆ ಬಿಟ್ಟದ್ದು. 2017ರ ‘ಡೈರೆಕ್ಟ್’ ಅಧ್ಯಯನ ಟೈಪ್ 2ರವರಿಗೆ ಬೇರೆಯದನ್ನೇ ತೋರಿಸಿತು: ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯಷ್ಟೇ ಸೇವಿಸಿ ತೂಕ ಇಳಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆ ಮಧುಮೇಹದ ಗಡಿಯಿಂದ ಕೆಳಗಿದ್ದರು. ಎರಡೂ ನಿಜ. ಆದರೆ ಒಂದೇ ಕೋಣೆಯಲ್ಲಿ ಹತ್ತು ವರ್ಷದ ಟೈಪ್ 1 ಹುಡುಗಿಯ ತಾಯಿಗೆ, ‘ಬಾಯಿ ಕಟ್ಟಿದರೆ ಹೋಗುತ್ತದೆ ಬಿಡಿ’ ಎಂದು ಟೈಪ್ 2ರಿಂದ ಚೇತರಿಸಿಕೊಂಡ ಹಿರಿಯರೊಬ್ಬರು ಹೇಳಿದರೆ, ಸದುದ್ದೇಶದ ಆ ಮಾತು ಮಗುವಿನ ಜೀವಕ್ಕೆ ಅಪಾಯ.

ಇದಕ್ಕಿಂತ ಜಟಿಲವಾದದ್ದು, ನನ್ನ ದೃಷ್ಟಿಯಲ್ಲಿ ಹೆಚ್ಚು ಪಾಠವಿರುವುದು, 1980ರ ದಶಕದ ‘ಮಾನವ ಇನ್ಸುಲಿನ್’ ಪ್ರಕರಣ. ಅಲ್ಲಿಯವರೆಗೆ ಇನ್ಸುಲಿನ್ ಹಂದಿ ಮತ್ತು ದನದ ಮೇದೋಜ್ಜೀರಕ ಗ್ರಂಥಿಯಿಂದ ಬರುತ್ತಿತ್ತು. 1982ರಲ್ಲಿ, ಬ್ಯಾಕ್ಟೀರಿಯಾದಿಂದ ಬೆಳೆಸಿದ, ಮನುಷ್ಯನ ದೇಹದ್ದರಂತೆಯೇ ಇರುವ ಇನ್ಸುಲಿನ್ ಬಳಕೆಗೆ ಬಂತು; ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಬಹುಪಾಲು ರೋಗಿಗಳನ್ನು ಅದಕ್ಕೆ ಬದಲಿಸಲಾಯಿತು. ಆಗ ಕೆಲವರು ದೂರತೊಡಗಿದರು: ಶುಗರ್ ಇಳಿಯುವಾಗ ಮೊದಲು ಬರುತ್ತಿದ್ದ ನಡುಕ, ಬೆವರು ಈಗ ಬರುತ್ತಿಲ್ಲ, ಎಚ್ಚರಿಕೆಯೇ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. 1987ರಲ್ಲಿ ಸ್ವಿಟ್ಜರ್ಲೆಂಡಿನ ಟಾಯ್ಷರ್ ಮತ್ತು ಬರ್ಗರ್ ‘ಲ್ಯಾನ್ಸೆಟ್’ನಲ್ಲಿ ಇಂಥದೇ ವರದಿ ಕೊಟ್ಟರು. ಮುಂದೆ ನಡೆದ ನಿಯಂತ್ರಿತ ಪ್ರಯೋಗಗಳು ಒಟ್ಟಾರೆಯಾಗಿ ಎರಡು ಇನ್ಸುಲಿನ್‌ಗಳ ನಡುವೆ ಮಹತ್ವದ ವ್ಯತ್ಯಾಸ ಕಾಣಲಿಲ್ಲ. ಪದೇ ಪದೇ ಶುಗರ್ ಇಳಿದರೆ ಎಚ್ಚರಿಕೆಯ ಲಕ್ಷಣಗಳು ತಾವಾಗಿಯೇ ಮಂಕಾಗುತ್ತವೆ, ಕೆಲವು ವಾರ ಹಾಗಾಗದಂತೆ ನೋಡಿಕೊಂಡರೆ ಅವು ಮರಳಬಹುದು ಎಂಬುದೂ 1990ರ ದಶಕದಲ್ಲಿ ಗೊತ್ತಾಯಿತು. ಬಿಗಿ ನಿಯಂತ್ರಣದಿಂದ ಕಣ್ಣು, ಮೂತ್ರಪಿಂಡಗಳಿಗೆ ರಕ್ಷಣೆಯುಂಟೆಂದು ತೋರಿಸಿದ 1993ರ ಅಮೆರಿಕದ ಪ್ರಸಿದ್ಧ ಅಧ್ಯಯನದಲ್ಲಿ ಅದೇ ಬಿಗಿಯಿಂದ ತೀವ್ರ ಕುಸಿತಗಳು ಸುಮಾರು ಮೂರು ಪಟ್ಟಾಗಿದ್ದವು.

ಹಾಗಿದ್ದರೆ ದೂರಿದವರು ತಪ್ಪೇ? ಪ್ರಯೋಗದ ಸರಾಸರಿ ಈ ಪ್ರಶ್ನೆಗೆ ಉತ್ತರವಲ್ಲ. ಪ್ರಜ್ಞೆ ತಪ್ಪಿ ಬಿದ್ದದ್ದಂತೂ ನಡೆದದ್ದೇ. ಸಂಶಯವಿದ್ದದ್ದು ಅದರ ಕಾರಣದ ಬಗ್ಗೆ. ದೂರಿದವರು ಬಯಸಿದ್ದೂ ತಮ್ಮ ಸಿದ್ಧಾಂತ ಗೆಲ್ಲಬೇಕೆಂದಲ್ಲ, ಹಳೆಯ ಇನ್ಸುಲಿನ್ ಸಿಗುತ್ತಿರಲಿ ಎಂದು. ಕಾರಣದ ವಾದ ಮುಗಿಯುವ ಮೊದಲೇ ಈ ಬೇಡಿಕೆಯನ್ನು ಒಪ್ಪಬಹುದಿತ್ತು, ಅದಕ್ಕೆ ವಿಜ್ಞಾನವನ್ನು ಬಿಟ್ಟುಕೊಡಬೇಕಾಗಿರಲಿಲ್ಲ. ಆದರೆ ತಮ್ಮ ಮಾತಿಗೆ ದೊಡ್ಡ ಸಂಘದಲ್ಲಿ ಬೆಲೆಯಿಲ್ಲವೆಂದು ಭಾವಿಸಿದವರು 1994ರಲ್ಲಿ ಇನ್ಸುಲಿನ್ ಅವಲಂಬಿತರ ಪ್ರತ್ಯೇಕ ಟ್ರಸ್ಟ್ ಕಟ್ಟಿಕೊಂಡರು. ಹಿರಿಯ ಸಂಘ 2000ದಲ್ಲಿ ‘ಡಯಾಬಿಟಿಸ್ ಯುಕೆ’ ಆಯಿತು. ಈ ಒಡಕನ್ನು ವಿಜ್ಞಾನ ಮತ್ತು ಮೂಢನಂಬಿಕೆಯ ಜಗಳವೆಂದು ಓದುವುದು ಸುಲಭ; ಆ ಓದು ನನಗೆ ಸರಿಕಾಣುವುದಿಲ್ಲ. ‘ನನಗೆ ಹೀಗಾಯಿತು’ ಎಂಬ ಸಾಕ್ಷ್ಯಕ್ಕೂ ‘ನೀನೂ ಹೀಗೆ ಮಾಡು’ ಎಂಬ ಸಲಹೆಗೂ ನಡುವಿನ ಗೆರೆಯನ್ನು ಎರಡೂ ಕಡೆಯವರು ಅಳಿಸಿದ್ದರು. ಒಂದು ಕಡೆಯವರು ಸಾಕ್ಷ್ಯವನ್ನು ಸಲಹೆಯೆಂದು ಹೆದರಿದರು, ಇನ್ನೊಂದು ಕಡೆಯ ಕೆಲವರು ಸಾಕ್ಷ್ಯವನ್ನೇ ಸಿದ್ಧಾಂತ ಮಾಡಿದರು.

ಭಾರತದಲ್ಲಿ ಈ ಗೆರೆ ಇನ್ನೂ ತುರ್ತಿನದು. ಐಸಿಎಂಆರ್‌ನ 2023ರ ಇಂಡಿಯಾಬ್ ವರದಿಯ ಅಂದಾಜಿನಂತೆ ಇಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಬಹುಪಾಲು ಟೈಪ್ 2. ನಮ್ಮಲ್ಲಿ ‘ಶುಗರ್ ಇದೆ’ ಎಂದರೆ ಅನ್ನ ಬಿಟ್ಟು ಮುದ್ದೆ ತಿನ್ನಿ, ಮೆಂತ್ಯ ನೆನೆಸಿ ಕುಡಿಯಿರಿ, ಹಾಗಲರಸ ಒಳ್ಳೆಯದು ಎಂಬ ಸಲಹೆ ತಡವಿಲ್ಲದೆ ಬರುತ್ತದೆ. ಅಲ್ಪಸಂಖ್ಯಾತರಾದ ಟೈಪ್ 1 ಮಕ್ಕಳು ಬಹುಸಂಖ್ಯಾತರ ಈ ಪಥ್ಯಜ್ಞಾನದಡಿ ಸಿಕ್ಕಿಬೀಳುತ್ತಾರೆ. ಸಿಹಿ ಜಾಸ್ತಿ ತಿಂದೆಯೇನೋ ಎಂಬ ಪ್ರಶ್ನೆ ಬೇರೆ. ರಂಜಾನ್ ಉಪವಾಸವನ್ನೂ ಇಲ್ಲಿ ನೆನೆಯಬೇಕು. 13 ದೇಶಗಳ ಎಪಿಡಯಾರ್ ಅಧ್ಯಯನದಲ್ಲಿ ಟೈಪ್ 2ರವರಲ್ಲಿ ಶೇ. 79, ಟೈಪ್ 1ರವರಲ್ಲಿಯೂ ಶೇ. 43ರಷ್ಟು ಮಂದಿ ಕನಿಷ್ಠ 15 ದಿನ ಉಪವಾಸವಿದ್ದರು. ಮಾಡಬೇಡಿ ಎಂದಷ್ಟೇ ಹೇಳಿ ಕೈತೊಳೆದುಕೊಂಡ ಗುಂಪಿನಲ್ಲಿ ಇವರು ಬಾಯಿ ಬಿಡುವುದಿಲ್ಲ, ಔಷಧದ ಹೊತ್ತನ್ನು ಯಾರನ್ನೂ ಕೇಳದೆ ತಾವೇ ಬದಲಿಸಿಕೊಳ್ಳುತ್ತಾರೆ.

2025ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಅಪೌಷ್ಟಿಕತೆಯಿಂದ ಬರುವ ಬಗೆಯನ್ನು ‘ಟೈಪ್ 5’ ಎಂದು ಗುರುತಿಸಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸಂಶೋಧಕರ ಪಾಲು ಇದರಲ್ಲಿ ದೊಡ್ಡದು. ಈ ಬಗೆಯ ರೋಗಿಗಳು ಬಡವರು, ತೆಳ್ಳಗಿನ ಮೈಯವರು, ಹೆಚ್ಚಾಗಿ ಎಳೆಯ ವಯಸ್ಸಿನವರು. ಕಡಿಮೆ ತಿನ್ನಿ ಎಂಬ ಟೈಪ್ 2ರ ಅನುಭವ ಇವರಿಗೆ ಕೇಡು. ಟೈಪ್ 1ರವರಂತೆ ಹೆಚ್ಚು ಇನ್ಸುಲಿನ್ ಕೊಟ್ಟರೆ, ಹೊಟ್ಟೆಗೆ ಸಾಲದ ದಿನಗಳಲ್ಲಿ ಶುಗರ್ ಅಪಾಯಕ್ಕೆ ಇಳಿಯಬಹುದು. ಈಗಿರುವ ಗುಂಪುಗಳಿಗೆ ಇವರು ಬಂದಾಗ ಅಲ್ಲಿನ ಯಾವ ಹಳಬರ ಸಲಹೆಯೂ ಹೊಂದುವುದಿಲ್ಲ. ಹೊಂದುವ ಮಾತನ್ನು ಅವರೇ ಹೇಳಬೇಕು, ಉಳಿದವರು ಕೇಳಿ ಬರೆದಿಟ್ಟುಕೊಳ್ಳಬೇಕು.