ಕದ್ದ ಪೆಟ್ಟಿಗೆಯ ಒಡೆಯ ಯಾರು? ‘ಸ್ನೀಕರ್ಸ್’ ಚಿತ್ರ ಮತ್ತು ಕಂಪ್ಯೂಟರ್ ಕಳ್ಳತನದ ಚರಿತ್ರೆ

ಗಣಿತಜ್ಞನೊಬ್ಬನ ಮೇಜಿನ ಮೇಲೆ ಟೆಲಿಫೋನ್ ಆನ್ಸರಿಂಗ್ ಮೆಷಿನ್ ಒಂದಿದೆ. ಅದರ ಹೊದಿಕೆಯೊಳಗೆ ಅಡಗಿರುವುದು ಅಮೆರಿಕದ ಯಾವ ಗೂಢಲಿಪಿಯನ್ನಾದರೂ ಬಿಡಿಸಬಲ್ಲ ಪ್ರಾಯೋಗಿಕ ಯಂತ್ರ. 1992ರ ಸೆಪ್ಟೆಂಬರ್‌ನಲ್ಲಿ ತೆರೆಕಂಡ, ಫಿಲ್ ಆಲ್ಡನ್ ರಾಬಿನ್ಸನ್ ನಿರ್ದೇಶನದ ‘ಸ್ನೀಕರ್ಸ್’ ನಿಂತಿರುವುದೇ ಈ ಕಪ್ಪು ಪೆಟ್ಟಿಗೆಯ ಮೇಲೆ. ರಾಬರ್ಟ್ ರೆಡ್‌ಫೋರ್ಡ್ ಅಭಿನಯಿಸಿದ ಮಾರ್ಟಿನ್ ಬಿಷಪ್ ಬ್ಯಾಂಕುಗಳಿಂದಲೇ ಕೂಲಿ ಪಡೆದು ಅವುಗಳ ಭದ್ರತೆಯನ್ನು ಮುರಿದು ತೋರಿಸುವವನು. ತಾವು ರಾಷ್ಟ್ರೀಯ ಭದ್ರತಾ ಸಂಸ್ಥೆಯವರು, ಅಂದರೆ ಎನ್‌ಎಸ್‌ಎಯವರು ಎಂದು ಹೇಳಿಕೊಂಡು ಬಂದ ಇಬ್ಬರು ಅವನ ಹಳೆಯ ಗುಟ್ಟೊಂದನ್ನು ಹಿಡಿದು ಬೆದರಿಸಿ ಪೆಟ್ಟಿಗೆಯನ್ನು ಕದಿಸುತ್ತಾರೆ. ಕದ್ದ ಮಾಲನ್ನು ಜೋಡಿಸಿ ನೋಡಿದರೆ ಫೆಡರಲ್ ರಿಸರ್ವ್, ವಿದ್ಯುತ್ ಜಾಲ, ವಿಮಾನ ಸಂಚಾರ ನಿಯಂತ್ರಣ, ಎಲ್ಲದರ ಬಾಗಿಲೂ ತೆರೆದುಕೊಳ್ಳುತ್ತದೆ. ಬಂದವರು ಎನ್‌ಎಸ್‌ಎಯವರೇ ಅಲ್ಲ ಎಂಬುದು ತಿಳಿಯುವಷ್ಟರಲ್ಲಿ ಗಣಿತಜ್ಞನ ಕೊಲೆಯಾಗಿರುತ್ತದೆ.

ಇಂಥ ಕಥೆಗಳನ್ನು ಕಳ್ಳನ ಕಡೆಯಿಂದ ಓದುವುದು ರೂಢಿ. ಯಂತ್ರ ಯಾರ ಕೈಗೆ ಹೋಗಿಬಿಡುತ್ತದೋ ಎಂಬ ಆತಂಕವೇ ಅವುಗಳ ಬಂಡವಾಳ. ಶೀತಲ ಸಮರದ ಕಂಪ್ಯೂಟರ್ ಕಳ್ಳತನಗಳ ಪಕ್ಕದಲ್ಲಿ ಇಟ್ಟು ನೋಡಿದಾಗ ‘ಸ್ನೀಕರ್ಸ್’ ಬೇರೊಂದು ಓದನ್ನು ಬೇಡುತ್ತದೆ. ಅದರ ನಿಜವಾದ ಪ್ರಶ್ನೆ ಕದ್ದವನ ಕುರಿತದ್ದಲ್ಲ. ಆ ಯಂತ್ರವನ್ನು ಮೊದಲೇ ಮಾಡಿಸಿಟ್ಟುಕೊಂಡವನ ಕುರಿತದ್ದು ಎಂಬುದು ಈ ಲೇಖನದ ವಾದ.

ಚಿತ್ರದ ಬೇರು ಒಂದು ದಶಕದಷ್ಟು ಹಳೆಯದು. ರಾಬಿನ್ಸನ್ ಜೊತೆ ಚಿತ್ರಕಥೆ ಬರೆದ ಲಾರೆನ್ಸ್ ಲಾಸ್ಕರ್ ಮತ್ತು ವಾಲ್ಟರ್ ಪಾರ್ಕ್ಸ್, ‘ವಾರ್‌ಗೇಮ್ಸ್’ ಚಿತ್ರಕ್ಕಾಗಿ ಮಾಹಿತಿ ಕಲೆಹಾಕುತ್ತಿದ್ದ ಹೊತ್ತಿನಲ್ಲೇ ಈ ಕಥೆಯ ಎಳೆಯನ್ನು ಹಿಡಿದಿದ್ದರು. 1983ರ ಜೂನ್‌ನಲ್ಲಿ ‘ವಾರ್‌ಗೇಮ್ಸ್’ ನೋಡಿದ ಅಧ್ಯಕ್ಷ ರೇಗನ್, ಹೀಗೆಲ್ಲ ನಿಜಕ್ಕೂ ಆಗಬಹುದೇ ಎಂದು ಸೇನಾಧಿಕಾರಿಗಳನ್ನು ಕೇಳಿದ್ದರು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರ್ ಭದ್ರತೆಯ ರಾಷ್ಟ್ರೀಯ ನಿರ್ದೇಶನವೊಂದಕ್ಕೆ ಸಹಿ ಬಿತ್ತು. ‘ಸ್ನೀಕರ್ಸ್’ ಪ್ರಭಾವ ಇನ್ನೂ ನೇರವಾದದ್ದು. 1992ರಲ್ಲಿ ಎನ್‌ಎಸ್‌ಎ ನಿರ್ದೇಶಕರಾದ ಮೈಕ್ ಮೆಕಾನೆಲ್ ಈ ಚಿತ್ರ ನೋಡಿ ತಮ್ಮ ಸಂಸ್ಥೆಯ ಮುಂದಿನ ಕೆಲಸವೇನೆಂದು ಕಂಡುಕೊಂಡರೆಂದು ಪತ್ರಕರ್ತ ಫ್ರೆಡ್ ಕಾಪ್ಲನ್ 2016ರ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಚಿತ್ರದಲ್ಲಿ ಎನ್‌ಎಸ್‌ಎ ನಗೆಪಾಟಲಾಗುತ್ತದೆ ಎಂಬುದು ಅವರನ್ನು ಅಷ್ಟಾಗಿ ಕಾಡಿದಂತಿಲ್ಲ.

ಗಣಿತವೂ ಪೊಳ್ಳಲ್ಲ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಮತ್ತೆ ಒಡೆದು ಮೂಲ ಸಂಖ್ಯೆಗಳನ್ನು ಹುಡುಕುವುದು ಬಲು ಕಷ್ಟ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ರೂಪಿಸಿದ ಆರ್‌ಎಸ್‌ಎ ಪದ್ಧತಿಯ ಜೀವಾಳ ಈ ಕಷ್ಟವೇ. ಕಥೆಯ ಗಣಿತಜ್ಞ ಅದಕ್ಕೊಂದು ಅಡ್ಡದಾರಿ ಕಂಡುಕೊಂಡಿದ್ದಾನೆ. ಅವನ ಉಪನ್ಯಾಸದ ದೃಶ್ಯಕ್ಕೆ ಮಾತು ಮತ್ತು ಸ್ಲೈಡುಗಳನ್ನು ಸಿದ್ಧಪಡಿಸಿಕೊಟ್ಟವರು ಬೇರಾರೂ ಅಲ್ಲ, ಆ ಮೂವರಲ್ಲಿ ಒಬ್ಬರಾದ ಲೆನ್ ಆಡಲ್‌ಮನ್. ಸಂಭಾವನೆ? ಪತ್ನಿಗೆ ರೆಡ್‌ಫೋರ್ಡ್‌ರನ್ನು ಭೇಟಿ ಮಾಡಿಸಬೇಕು, ಅಷ್ಟೇ. ಬೀಗ ಮಾಡಿದವರೇ ಕಳ್ಳಕೀಲಿಯ ಸಂಭಾಷಣೆ ಬರೆದ ಇಂಥ ನಿದರ್ಶನ ಸಿನಿಮಾ ಚರಿತ್ರೆಯಲ್ಲಿ ವಿರಳ.

ತೆರೆಯಾಚೆಯ ಕಳ್ಳತನಗಳಲ್ಲಿ ಯಂತ್ರ ಇಷ್ಟು ಚಿಕ್ಕದಾಗಿರಲಿಲ್ಲ. 1983ರ ನವೆಂಬರ್‌ನಲ್ಲಿ ಹ್ಯಾಂಬರ್ಗ್ ಬಂದರಿನಲ್ಲಿ, ಬಳಿಕ ಸ್ವೀಡನ್‌ನಲ್ಲಿ, ಸುಂಕದ ಅಧಿಕಾರಿಗಳು ಕಂಟೇನರುಗಳನ್ನು ಹಿಡಿದರು. ಒಳಗಿದ್ದದ್ದು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ವ್ಯಾಕ್ಸ್ 11/782 ಕಂಪ್ಯೂಟರಿನ ಭಾಗಗಳು. ಪಶ್ಚಿಮ ಜರ್ಮನಿಯ ವ್ಯಾಪಾರಿ ರಿಚರ್ಡ್ ಮುಲ್ಲರ್‌ನ ಜಾಲ ಅದನ್ನು ಅಮೆರಿಕದಿಂದ ದಕ್ಷಿಣ ಆಫ್ರಿಕಕ್ಕೆ ತರಿಸಿ, ಅಲ್ಲಿಂದ ‘ಎಲ್ಗಾರೆನ್’ ಎಂಬ ಹಡಗಿನಲ್ಲಿ ಯುರೋಪಿಗೆ ಸಾಗಿಸಿತ್ತು. ಗುರಿ ಸೋವಿಯತ್ ಒಕ್ಕೂಟ. ಬಂದೂಕಿಲ್ಲ, ಛಾವಣಿಯಿಂದ ಇಳಿಯುವ ಹಗ್ಗವಿಲ್ಲ. ಇದ್ದದ್ದು ನಕಲಿ ಖರೀದಿದಾರರು, ಸರಕುಪಟ್ಟಿಗಳು, ದಲ್ಲಾಳಿಗಳು. ರಕ್ಷಣಾ ಕಾರ್ಯದರ್ಶಿ ವೈನ್‌ಬರ್ಗರ್ ವಶಪಡಿಸಿಕೊಂಡ ಮಾಲನ್ನು ಪತ್ರಕರ್ತರ ಮುಂದೆ ಹರಡಿ ತೋರಿಸಿದರು. ಅದೇ ಮಾದರಿ ಅಮೆರಿಕದ ವಿಶ್ವವಿದ್ಯಾಲಯಗಳಿಗೂ ಕಾರ್ಖಾನೆಗಳಿಗೂ ರಾಜಾರೋಷವಾಗಿ ಮಾರಾಟಕ್ಕಿತ್ತು. ಯಂತ್ರದ ಅಪಾಯ ಅದರ ಒಳಗಿರಲಿಲ್ಲ, ಹೋಗುವ ವಿಳಾಸದಲ್ಲಿತ್ತು. ಕೆಲವೇ ವರ್ಷಗಳ ನಂತರ ಇದೇ ಕಂಪನಿಯ ಎಂಜಿನಿಯರುಗಳು ಸಿವ್ಯಾಕ್ಸ್ ಚಿಪ್ಪಿನ ಮೇಲೆ ಹರಕುಮುರುಕು ರಷ್ಯನ್ನಿನಲ್ಲಿ, ಕದಿಯುವುದಿದ್ದರೆ ಉತ್ತಮವಾದದ್ದನ್ನೇ ಕದಿಯಿರಿ ಎಂಬರ್ಥದ ಚಟಾಕಿಯೊಂದನ್ನು ಕೊರೆದರು. ಸೂಕ್ಷ್ಮದರ್ಶಕದಡಿ ಚಿಪ್ಪನ್ನು ಪದರಪದರವಾಗಿ ಬಿಚ್ಚಿ ನಕಲು ಮಾಡುವವರಿಗೆ ಮಾತ್ರ ಕಾಣುವ ಸಂದೇಶ ಅದು.

ವಿಳಾಸದ ಈ ರಾಜಕೀಯ ಭಾರತಕ್ಕೂ ತಟ್ಟಿತು. ಹವಾಮಾನ ಮುನ್ಸೂಚನೆಗೆ ಭಾರತ ಬಯಸಿದ್ದು ಕ್ರೇ ಎಕ್ಸ್-ಎಂಪಿ 24. ದೀರ್ಘ ಚೌಕಾಶಿಯ ನಂತರ ದೆಹಲಿಗೆ ಸಿಕ್ಕಿದ್ದು ಅದರ ತಮ್ಮನಾದ 14, ಅದೂ ಬೇರೆ ಕೆಲಸಕ್ಕೆ ಬಳಸಬಾರದೆಂಬ ಷರತ್ತಿನೊಡನೆ. ಮಳೆಯ ಲೆಕ್ಕ ಮಾಡುವ ಯಂತ್ರ ಕ್ಷಿಪಣಿಯ ಲೆಕ್ಕವನ್ನೂ ಮಾಡೀತೆಂಬ ಭಯ ಅದರ ಹಿಂದಿತ್ತು. ಅಷ್ಟರಲ್ಲಾಗಲೇ, 1986ರಲ್ಲಿ, ಬೆಂಗಳೂರಿನ ಎನ್‌ಎಎಲ್‌ನಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರ್ ಕೆಲಸ ಆರಂಭಿಸಿತ್ತು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿತು, 1991ರಲ್ಲಿ ‘ಪರಮ್ 8000’ ಬಂತು. ಕದಿಯದೆಯೂ ಕಳ್ಳನ ಸಾಲಿನಲ್ಲಿ ನಿಲ್ಲಬೇಕಾಗಿ ಬಂದ ದೇಶಗಳ ಕಥೆಯನ್ನು ಹಾಲಿವುಡ್ ಹೇಳಲಿಲ್ಲ. ನಮ್ಮ ಸಿನಿಮಾದವರೂ ಹೇಳಿಲ್ಲ ಎನ್ನಬೇಕು.

‘ಸ್ನೀಕರ್ಸ್’ ತನ್ನ ಪ್ರಕಾರವನ್ನು ಮೀರುವುದು ಕೊನೆಯ ಭಾಗದಲ್ಲಿ. ಸೋವಿಯತ್ ಒಕ್ಕೂಟ ಕರಗಿ ವರ್ಷವೂ ತುಂಬಿರಲಿಲ್ಲ; ಕಥೆಯ ರಷ್ಯನ್ ರಾಜತಾಂತ್ರಿಕ ಕಳ್ಳನಲ್ಲ, ಕೊಲೆಗೆ ಬಲಿಯಾಗುವವನು. ಪೆಟ್ಟಿಗೆಯನ್ನು ದೋಚಿದವನು ಬಿಷಪ್‌ನ ಕಾಲೇಜು ಗೆಳೆಯ, ಬೆನ್ ಕಿಂಗ್ಸ್‌ಲಿ ಅಭಿನಯಿಸಿದ ಕಾಸ್ಮೊ. ಅವನಿಂದ ಮರಳಿ ಕದ್ದ ಪೆಟ್ಟಿಗೆಯನ್ನು ಕೇಳಿಕೊಂಡು ನಿಜವಾದ ಎನ್‌ಎಸ್‌ಎ ಅಧಿಕಾರಿ ಬರುತ್ತಾನೆ. ಆಗ ಬಿಷಪ್ ಎತ್ತುವ ಅನುಮಾನದಲ್ಲೇ ಚಿತ್ರದ ತಿರುಳಿದೆ. ಈ ಯಂತ್ರ ರಷ್ಯನ್ನರ ಗೂಢಲಿಪಿಯ ಮೇಲೆ ನಡೆಯುವುದಿಲ್ಲ, ಅಮೆರಿಕನ್ನರದರ ಮೇಲೆ ಮಾತ್ರ. ಹಾಗಿದ್ದರೆ ಹೊರಗಿನ ಶತ್ರುವಿನ ಮೇಲೆ ಕಣ್ಣಿಡಬೇಕಾದ ಸಂಸ್ಥೆಗೆ ಇದು ಬೇಕಾದದ್ದು ಯಾತಕ್ಕೆ? ಅಧಿಕಾರಿಯ ಬಳಿ ಉತ್ತರವಿಲ್ಲ. ಬಿಷಪ್ ಚಿಪ್ ತೆಗೆದಿಟ್ಟುಕೊಂಡು ಖಾಲಿ ಡಬ್ಬಿಯನ್ನು ಕೊಟ್ಟು ಕಳುಹಿಸುತ್ತಾನೆ.

ಈ ಅನುಮಾನಕ್ಕೆ ಪುರಾವೆ ಬಹಳ ದೂರದಲ್ಲಿರಲಿಲ್ಲ. 1993ರ ಏಪ್ರಿಲ್‌ನಲ್ಲಿ, ಚಿತ್ರ ಬಂದು ಎಂಟು ತಿಂಗಳೂ ಆಗುವ ಮೊದಲು, ಕ್ಲಿಂಟನ್ ಸರ್ಕಾರ ‘ಕ್ಲಿಪ್ಪರ್’ ಚಿಪ್ಪನ್ನು ಪ್ರಕಟಿಸಿತು. ದೂರವಾಣಿ ಮಾತನ್ನು ಗೂಢಲಿಪಿಗೊಳಿಸುವ, ಆದರೆ ಕೀಲಿಯ ಪ್ರತಿಯನ್ನು ಸರ್ಕಾರದ ಬಳಿ ಉಳಿಸುವ ಚಿಪ್ ಅದು, ವಿನ್ಯಾಸ ಎನ್‌ಎಸ್‌ಎಯದು. ಮರುವರ್ಷ ಬೆಲ್ ಲ್ಯಾಬ್ಸ್‌ನ ಮ್ಯಾಟ್ ಬ್ಲೇಜ್ ಅದರ ದೋಷವೊಂದನ್ನು ಬಯಲಿಗೆಳೆದರು, ಯೋಜನೆ ನಿಧಾನಕ್ಕೆ ಕಣ್ಮರೆಯಾಯಿತು.

ಇದಕ್ಕಿಂತ ದೊಡ್ಡ ಸಂಗತಿ ಸ್ವಿಟ್ಜರ್‌ಲೆಂಡಿನಲ್ಲಿತ್ತು. ಅಲ್ಲಿನ ಕ್ರಿಪ್ಟೋ ಎಜಿ ಕಂಪನಿ ನೂರಕ್ಕೂ ಹೆಚ್ಚು ದೇಶಗಳಿಗೆ ಗೂಢಲಿಪಿ ಯಂತ್ರಗಳನ್ನು ಮಾರಿತ್ತು. ಗಿರಾಕಿಗಳಲ್ಲಿ ಭಾರತವೂ ಇತ್ತು, ಪಾಕಿಸ್ತಾನವೂ ಇತ್ತು. 1970ರಿಂದ ಆ ಕಂಪನಿಯ ಗುಪ್ತ ಒಡೆತನ ಅಮೆರಿಕದ ಸಿಐಎ ಮತ್ತು ಪಶ್ಚಿಮ ಜರ್ಮನಿಯ ಬಿಎನ್‌ಡಿ ಬೇಹುಗಾರಿಕೆ ಸಂಸ್ಥೆಗಳದಾಗಿತ್ತೆಂಬುದು ಮೂಲ ದಾಖಲೆಗಳ ಸಮೇತ 2020ರ ಫೆಬ್ರವರಿಯಲ್ಲಿ ಹೊರಬಂತು. ಯಂತ್ರಗಳನ್ನು ಬೇಕೆಂದೇ ದುರ್ಬಲವಾಗಿ ಕಟ್ಟಲಾಗಿತ್ತು. ‘ಸ್ನೀಕರ್ಸ್’ ತೆರೆಕಂಡ ವರ್ಷವೇ, 1992ರ ಮಾರ್ಚ್‌ನಲ್ಲಿ, ಕಂಪನಿಯ ಮಾರಾಟ ಪ್ರತಿನಿಧಿ ಹಾನ್ಸ್ ಬ್ಯೂಲರ್ ಇರಾನಿನಲ್ಲಿ ಬಂಧಿತರಾಗಿ ಸುಮಾರು ಒಂಬತ್ತು ತಿಂಗಳು ಸೆರೆಯಲ್ಲಿದ್ದರು. ತಾವು ಮಾರುತ್ತಿದ್ದ ಯಂತ್ರದ ಗುಟ್ಟು ಅವರಿಗೇ ಗೊತ್ತಿರಲಿಲ್ಲ. ಇಲ್ಲಿ ಮಾಂತ್ರಿಕ ಪೆಟ್ಟಿಗೆಯನ್ನು ಯಾರೂ ಕದಿಯಲಿಲ್ಲ. ಸರ್ಕಾರಗಳು ದುಡ್ಡು ಕೊಟ್ಟು ಕೊಂಡು, ತಮ್ಮ ರಾಯಭಾರ ಕಚೇರಿಗಳಲ್ಲಿ ತಾವೇ ಸ್ಥಾಪಿಸಿಕೊಂಡವು. ಎಷ್ಟೇ ಜಾಣ ಚಿತ್ರಕಥೆಗಾರ ಇದನ್ನು ಬರೆದಿದ್ದರೂ ನಿರ್ಮಾಪಕರು ನಂಬಲಾಗದು ಎಂದು ಹಿಂತಿರುಗಿಸುತ್ತಿದ್ದರೇನೋ.

ಕಥೆಯ ಗಣಿತಜ್ಞ ಹುಡುಕಿದ ಅಡ್ಡದಾರಿಗೆ ಹತ್ತಿರವಾದದ್ದು ಎರಡೇ ವರ್ಷದಲ್ಲಿ ಸಿಕ್ಕಿತು. 1994ರಲ್ಲಿ ಬೆಲ್ ಲ್ಯಾಬ್ಸ್‌ನ ಪೀಟರ್ ಶೋರ್, ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಇದ್ದರೆ ದೊಡ್ಡ ಸಂಖ್ಯೆಗಳನ್ನು ಬೇಗನೆ ಅಪವರ್ತಿಸಬಹುದೆಂದು ತೋರಿಸಿದರು. ಅವರು ಅದನ್ನು ಮೇಜಿನ ಮೇಲೆ ಅಡಗಿಸಿಡಲಿಲ್ಲ, ಪ್ರಕಟಿಸಿದರು. 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್, ಕ್ವಾಂಟಮ್ ದಾಳಿಯನ್ನು ತಾಳಬಲ್ಲ ಮೊದಲ ಮೂರು ಗೂಢಲಿಪಿ ಮಾನಕಗಳನ್ನು ಹೊರತಂದಿತು. ಭಾರತದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ದೊರೆಯಿತು, ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. ಇಂದಿನ ಸೂಪರ್‌ಕಂಡಕ್ಟಿಂಗ್ ಕ್ವಾಂಟಮ್ ಯಂತ್ರ ನಿರಪೇಕ್ಷ ಶೂನ್ಯಕ್ಕೆ ತೀರ ಸಮೀಪದ ಚಳಿಯಲ್ಲಿ, ಆಳೆತ್ತರದ ಶೈತ್ಯಕದೊಳಗೆ ನೇತಾಡುತ್ತದೆ. ಅದನ್ನು ಚೀಲಕ್ಕೆ ಹಾಕಿಕೊಂಡು ಓಡುವಂತಿಲ್ಲ, ಅಲ್ಲಿಂದ ತೆಗೆದ ಗಳಿಗೆಯೇ ಕೆಲಸ ನಿಲ್ಲುತ್ತದೆ. ಹಾಗಾಗಿ ಭದ್ರತಾ ತಜ್ಞರು ಈಗ ಎಚ್ಚರಿಸುತ್ತಿರುವುದು ಯಂತ್ರದ ಕಳ್ಳತನದ ಬಗ್ಗೆಯಲ್ಲ. ಗೂಢಲಿಪಿಯಲ್ಲಿರುವ ಸಂದೇಶಗಳನ್ನು ಇವತ್ತೇ ದೋಚಿ ಕೂಡಿಟ್ಟು, ಅವನ್ನು ಒಡೆಯಬಲ್ಲ ಯಂತ್ರ ಬರುವವರೆಗೆ ಕಾಯಬಲ್ಲ ಸಂಸ್ಥೆಗಳ ಬಗ್ಗೆ. ಅಷ್ಟು ಸಂಗ್ರಹಿಸಿ ಅಷ್ಟು ಕಾಲ ಕಾಯುವ ಶಕ್ತಿ ಇರುವುದು ಬಹುಮಟ್ಟಿಗೆ ಸರ್ಕಾರಗಳಿಗೇ.